ಹಿಮ ಬೀಳುವ ಹಿತ್ತಲಲ್ಲಿ ಹುಳಿಹಣ್ಣಿನ ಗಿಡ

ಡಾಲಸ್, ಅಟ್ಲಾಂಟಾ, ಶಾರ್ಲೆಟ್ ಕಡೆಯ ನರ್ಸರಿಗಳಲ್ಲಿ ವಸಂತ ಬಂತೆಂದರೆ ನಿಂಬೆ ಜಾತಿಯ ಗಿಡಗಳು ಮುಂದಿನ ಸಾಲಿಗೆ ಬರುತ್ತವೆ. ಕುಂಡಕ್ಕೆ ಕಟ್ಟಿದ ಚೀಟಿಯಲ್ಲಿ ಹಣ್ಣಿನ ಚಿತ್ರ, ಅದರ ಕೆಳಗೆ ಈ ಗಿಡ ಇಷ್ಟು ಡಿಗ್ರಿ ಚಳಿ ತಡೆಯುತ್ತದೆ ಎಂಬ ಭರವಸೆ. ಹಿತ್ತಲಿರುವ ಮನೆ ಕೊಂಡ ಕನ್ನಡದವರು ಮೊದಲು ಹುಡುಕುವ ಗಿಡಗಳಲ್ಲಿ ಕರಿಬೇವು, ಮಲ್ಲಿಗೆಯ ಜೊತೆ ನಿಂಬೆಯೂ ಇರುತ್ತದೆ. ಚಿತ್ರಾನ್ನಕ್ಕೆ ಅಂಗಡಿಯ ನಿಂಬೆಹಣ್ಣೇ ಸಾಕು, ನಿಜ. ಆದರೆ ಒಗ್ಗರಣೆ ಒಲೆಯ ಮೇಲಿರುವಾಗ ಹಿತ್ತಲಿಗೆ ಹೋಗಿ ಕಿತ್ತು ತರುವ ಸುಖ ಅಂಗಡಿಯಲ್ಲಿ ಸಿಗುವಂಥದ್ದಲ್ಲ. ಚಳಿಗಾಲದಲ್ಲಿ ನಲ್ಲಿಯ ನೀರು ಕಲ್ಲಾಗುವ ಊರಲ್ಲಿ ಈ ಗಿಡಗಳನ್ನು ಕುಂಡ, ಗಾಜಿನ ಮನೆ ಯಾವುದೂ ಇಲ್ಲದೆ ಬಯಲು ನೆಲದಲ್ಲಿ ಬೆಳೆಸಬಹುದೇ?

ಬೆಳೆಸಬಹುದು. ಆದರೆ ಈ ಉತ್ತರ ಎಲ್ಲರಿಗೂ ಒಂದೇ ಅಲ್ಲ. ಸಿಹಿ ಕಿತ್ತಳೆಯ ಆಸೆ ಇಟ್ಟುಕೊಂಡವರಿಗೆ ದಾರಿ ಕಿರಿದು, ಹುಳಿ ಸಾಕು ಎನ್ನುವವರಿಗೆ ಅಗಲ. ಚಳಿ ತಡೆಯುವ ಗುಣ ಮತ್ತು ಸಿಹಿ ಇವೆರಡನ್ನೂ ಒಂದೇ ಹಣ್ಣಿನಲ್ಲಿ ತರಲು ನೂರಕ್ಕೂ ಹೆಚ್ಚು ವರ್ಷ ನಡೆದ ಪ್ರಯತ್ನ ಅರ್ಧ ಮಾತ್ರ ಗೆದ್ದಿದೆ. ಸೋತ ಅರ್ಧ ಯಾವ ಅಡುಗೆಮನೆಗೆ ಸೋಲು, ಯಾವುದಕ್ಕೆ ಅಲ್ಲ ಎಂಬುದನ್ನು ಈ ವಿಷಯದ ಬಗ್ಗೆ ಬರೆಯುವವರು ಅಷ್ಟಾಗಿ ಕೇಳಿಕೊಂಡಿಲ್ಲ.

ಚೀಟಿಯ ಮೇಲಿನ ಅಂಕಿಯಿಂದಲೇ ಶುರು ಮಾಡೋಣ. ಅಮೆರಿಕದ ಕೃಷಿ ಇಲಾಖೆ ದೇಶವನ್ನು ಚಳಿಯ ಲೆಕ್ಕದಲ್ಲಿ ವಲಯಗಳಾಗಿ ವಿಂಗಡಿಸಿ ನಕ್ಷೆ ಮಾಡಿದೆ. 8ನೇ ವಲಯವೆಂದರೆ ವರ್ಷದ ಅತಿ ಚಳಿಯ ರಾತ್ರಿಯ ಉಷ್ಣಾಂಶ ಸರಾಸರಿ ಮೈನಸ್ 12ರಿಂದ ಮೈನಸ್ 7 ಡಿಗ್ರಿ ಸೆಲ್ಸಿಯಸ್ ಇರುವ ಜಾಗ. 2023ರಲ್ಲಿ ಹೊಸ ನಕ್ಷೆ ಬಂದಾಗ ದೇಶದ ಹೆಚ್ಚುಕಡಿಮೆ ಅರ್ಧ ಭಾಗ ಅರ್ಧ ವಲಯದಷ್ಟು ಬೆಚ್ಚಗಿನ ಕಡೆಗೆ ಸರಿದಿತ್ತು. ಆ ನಕ್ಷೆಯನ್ನು ನಂಬಿ ಗಿಡ ಕೊಳ್ಳುವವರು ಒಂದು ಮಾತನ್ನು ಮರೆಯುತ್ತಾರೆ: ಅದು 30 ವರ್ಷಗಳ ಸರಾಸರಿ. ಮರ ಸಾಯುವುದು ಸರಾಸರಿಗಲ್ಲ, ಯಾವುದೋ ಒಂದು ರಾತ್ರಿಗೆ. 2021ರ ಫೆಬ್ರವರಿ 16ರಂದು ಡಾಲಸ್–ಫೋರ್ಟ್ ವರ್ತ್ ವಿಮಾನ ನಿಲ್ದಾಣದಲ್ಲಿ ಉಷ್ಣಾಂಶ ಮೈನಸ್ 19 ಡಿಗ್ರಿಯ ಹತ್ತಿರಕ್ಕೆ ಇಳಿಯಿತು. ಅಕ್ಕಪಕ್ಕದ ಹಿತ್ತಲುಗಳಲ್ಲಿ ಐದಾರು ವರ್ಷ ಚೆನ್ನಾಗಿ ಫಲ ಕೊಟ್ಟ ಗಿಡಗಳೂ ಆ ವಾರ ಹೋದವು. ಮೆಕ್ಸಿಕೋ ಗಡಿಗೆ ಅಂಟಿಕೊಂಡ ರಿಯೋ ಗ್ರಾಂಡೆ ಕಣಿವೆಯ ದೊಡ್ಡ ತೋಟಗಳಿಗೂ ಏಟು ಬಿತ್ತು.

ಇಲ್ಲಿ ಭೂಗೋಳ ಸ್ವಲ್ಪ ಅನ್ಯಾಯ ಮಾಡಿದೆ. ಡಾಲಸ್ ಇರುವುದು ಸುಮಾರು 33 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ. ಕಪ್ಪು ಸಮುದ್ರದ ದಂಡೆಯಲ್ಲಿರುವ ಜಾರ್ಜಿಯಾ ದೇಶದ ಬಟುಮಿ 41ನ್ನು ದಾಟಿ ಇನ್ನೂ ಉತ್ತರಕ್ಕಿದೆ. ಆದರೂ ಅಲ್ಲಿ ಮನೆ ಮನೆಯ ಅಂಗಳದಲ್ಲಿ ಕಿತ್ತಳೆ ಜಾತಿಯ ಮರಗಳಿವೆ. ಸೋವಿಯತ್ ಕಾಲದಲ್ಲಿ ಮಾಸ್ಕೋದ ಹೊಸ ವರ್ಷದ ಹಬ್ಬಕ್ಕೆ ಹಣ್ಣು ಹೋಗುತ್ತಿದ್ದದ್ದು ಆ ಕರಾವಳಿಯಿಂದಲೇ. ಉತ್ತರದ ಗಾಳಿಯನ್ನು ಕಾಕಸಸ್ ಪರ್ವತ ತಡೆಯುತ್ತದೆ, ಸಮುದ್ರ ಬೆಚ್ಚಗಿಡುತ್ತದೆ. ಡಾಲಸಿಗೂ ಧ್ರುವಪ್ರದೇಶಕ್ಕೂ ನಡುವೆ ಅಡ್ಡ ನಿಲ್ಲುವ ಬೆಟ್ಟವೇ ಇಲ್ಲ. ಕೆನಡಾದಲ್ಲಿ ಹುಟ್ಟಿದ ಶೀತಗಾಳಿ ಬಯಲಿನ ಮೇಲೆ ಓಡಿಬಂದು ಒಂದೇ ದಿನದಲ್ಲಿ 20 ಡಿಗ್ರಿ ಇಳಿಸಿಬಿಡಬಲ್ಲದು.

ಹೀಗೆ ಏಕಾಏಕಿ ಬೀಳುವ ಚಳಿಯೇ ನಿಜವಾದ ಶತ್ರು. ಗಿಡ ಸಾಯುವುದು ತಣ್ಣಗಾದದ್ದರಿಂದಲ್ಲ, ಒಳಗಿನ ನೀರು ಹೆಪ್ಪುಗಟ್ಟುವುದರಿಂದ. ಮೊದಲು ಜೀವಕೋಶಗಳ ನಡುವಿನ ಸಂದಿಯಲ್ಲಿ ಹಿಮದ ಹರಳು ಮೂಡುತ್ತದೆ. ಅದು ಕೋಶದೊಳಗಿನ ನೀರನ್ನು ಹೊರಕ್ಕೆ ಎಳೆಯುತ್ತ ಬೆಳೆಯುತ್ತದೆ. ಕೋಶ ಒಣಗಿ ಕುಗ್ಗುತ್ತದೆ, ಪೊರೆ ಹರಿಯುತ್ತದೆ. ಹೆಪ್ಪು ಕರಗಿದ ಮೇಲೆ ಎಲೆಯನ್ನು ಮುಟ್ಟಿ ನೋಡಿದರೆ ಬೇಯಿಸಿದ ಸೊಪ್ಪಿನ ಹಾಗೆ ಮೆತ್ತಗಿರುತ್ತದೆ, ಬಣ್ಣ ಕಪ್ಪುಹಸಿರಿಗೆ ತಿರುಗಿರುತ್ತದೆ. ನಿಂಬೆ ಕುಲದ ಗಿಡಗಳಿಗೆ ಇದರಿಂದ ತಪ್ಪಿಸಿಕೊಳ್ಳುವ ಉಪಾಯವೊಂದು ಗೊತ್ತು. ಉಷ್ಣಾಂಶ 13 ಡಿಗ್ರಿಗಿಂತ ಕೆಳಗೆ ನಿಂತರೆ ಚಿಗುರುವುದು ನಿಲ್ಲುತ್ತದೆ. ವಾರಗಟ್ಟಲೆ ಹಾಗೇ ಇದ್ದರೆ ಎಲೆ ರೆಂಬೆಗಳಲ್ಲಿ ಸಕ್ಕರೆಯ ಅಂಶ ಕೂಡಿಕೊಳ್ಳುತ್ತದೆ, ನೀರಿನ ಅಂಶ ಇಳಿಯುತ್ತದೆ, ಗಿಡ ಚಳಿಗೆ ಹದಗೊಳ್ಳುತ್ತದೆ. ಹೀಗೆ ಹದಗೊಂಡ ಗಿಡ ಜನವರಿಯಲ್ಲಿ ಮೈನಸ್ 8ನ್ನು ತಡೆದುಕೊಳ್ಳಬಹುದು. ಅದೇ ಗಿಡ ಬೆಚ್ಚಗಿನ ನವೆಂಬರ್‌ನಲ್ಲಿ ಎಳೆ ಚಿಗುರು ಬಿಟ್ಟುಕೊಂಡು ನಿಂತಿದ್ದರೆ ಮೈನಸ್ 4ಕ್ಕೇ ಸುಟ್ಟು ಹೋಗುತ್ತದೆ. ಚೀಟಿಯಲ್ಲಿ ಬರೆದ ಒಂದೇ ಅಂಕಿ ಇದನ್ನೆಲ್ಲ ಹೇಳುವುದಿಲ್ಲ. ಎಷ್ಟು ಗಂಟೆ ಚಳಿ ಇತ್ತು, ಗಿಡದ ವಯಸ್ಸೆಷ್ಟು, ಯಾವ ಬೇರಿನ ಮೇಲೆ ಕಸಿ ಕಟ್ಟಿದ್ದು ಎಂಬುದನ್ನೂ ಹೇಳುವುದಿಲ್ಲ.

ಹದದ ಈ ಪಾಠವನ್ನು ಫ್ಲಾರಿಡಾ ಕಲಿತದ್ದು ದುಬಾರಿ ಬೆಲೆ ತೆತ್ತು. 1894ರ ಡಿಸೆಂಬರ್ 29ರ ಹಿಮಕ್ಕೆ ಅಲ್ಲಿನ ಕಿತ್ತಳೆ ಮರಗಳ ಎಲೆ, ಹಣ್ಣು ಉದುರಿದವು. ಆದರೆ ಮರಗಳು ಬದುಕಿದವು. ಜನವರಿ ಬೆಚ್ಚಗಾಯಿತು, ತೊಗಟೆಯೊಳಗೆ ರಸ ಏರಿತು, ಎಲ್ಲೆಡೆ ಚಿಗುರೊಡೆಯಿತು. ಬೆಳೆಗಾರರು ನಿಟ್ಟುಸಿರು ಬಿಟ್ಟರು. ಫೆಬ್ರವರಿ 7ರ ರಾತ್ರಿ ಎರಡನೇ ಹಿಮ ಬಂದಾಗ ಹದ ಕಳೆದುಕೊಂಡಿದ್ದ ಆ ಮರಗಳ ತೊಗಟೆ ಸೀಳಿ, ನೆಲದ ಮಟ್ಟದವರೆಗೂ ಸತ್ತವು. ಹಿಂದಿನ ವರ್ಷ 50 ಲಕ್ಷ ಪೆಟ್ಟಿಗೆಗೂ ಮೀರಿದ್ದ ಬೆಳೆ ಮುಂದಿನ ವರ್ಷ ಎರಡು ಲಕ್ಷವನ್ನೂ ಮುಟ್ಟಲಿಲ್ಲ. ಜನ ಮನೆಮಾರು ಬಿಟ್ಟು ಹೋದರು.

ಚಳಿ ತಡೆಯುವ ಹಣ್ಣಿನ ಹುಡುಕಾಟ ದೊಡ್ಡದಾಗಿ ಶುರುವಾದದ್ದು ಈ ಹಾನಿಯಿಂದ. ಕೃಷಿ ಇಲಾಖೆಯ ವಾಲ್ಟರ್ ಟೆನಿಸನ್ ಸ್ವಿಂಗಲ್ ಮತ್ತು ಹರ್ಬರ್ಟ್ ವೆಬರ್ ಕೈಗೆತ್ತಿಕೊಂಡದ್ದು ಚೀನಾ ಮೂಲದ ಮೂರೆಲೆ ಕಿತ್ತಳೆಯನ್ನು. ಬಿಲ್ವಪತ್ರೆಯಂತೆ ಒಂದೇ ತೊಟ್ಟಿಗೆ ಮೂರು ದಳ. ಬಿಲ್ವವೂ ಇದೂ ಒಂದೇ ಸಸ್ಯ ಕುಟುಂಬದವು ಎಂಬುದು ನಮ್ಮವರಿಗೆ ನೆನಪಿಟ್ಟುಕೊಳ್ಳಲು ಅನುಕೂಲ. ಎರಡು ಅಂಗುಲದವರೆಗಿನ ಹಸಿರು ಮುಳ್ಳು, ಶರತ್ಕಾಲದಲ್ಲಿ ಎಲೆ ಉದುರಿಸಿ ನಿಲ್ಲುವ ಅಭ್ಯಾಸ, ಮೈನಸ್ 20ಕ್ಕೂ ಬಗ್ಗದ ಮೈಕಟ್ಟು. ತನ್ನ ಬಳಗದಲ್ಲಿ ಹೀಗೆ ಪೂರ್ತಿ ಎಲೆ ಉದುರಿಸಿ ಮಲಗುವ ಮರ ಇದೊಂದೇ ಎನ್ನಬೇಕು. ಹಣ್ಣು ಮಾತ್ರ ದೊಡ್ಡ ನೆಲ್ಲಿಕಾಯಿಗಿಂತ ಸ್ವಲ್ಪ ದಪ್ಪ. ಸಿಪ್ಪೆಗೆ ನವಿರು ರೋಮ, ಒಳಗೆ ಬೀಜವೋ ಬೀಜ, ರಸ ಕಹಿಹುಳಿ, ಅದರ ಮೇಲೆ ಗುಗ್ಗುಳದಂಥ ಅಂಟಿನ ವಾಸನೆ. ತಿಂದವರ ತುಟಿಗೆ ಅಂಟು ಮೆತ್ತಿಕೊಳ್ಳುತ್ತದೆ.

ಇದರ ಪರಾಗವನ್ನು ಸಿಹಿ ಕಿತ್ತಳೆಯ ಹೂವಿಗೆ ಹಾಕಿದರೆ ಮಕ್ಕಳಿಗೆ ತಾಯಿಯ ಸಿಹಿ, ತಂದೆಯ ಗಟ್ಟಿತನ ಬರಬಹುದು ಎಂಬುದು ಸ್ವಿಂಗಲ್ ಲೆಕ್ಕ. ಕೆಲಸದಲ್ಲಿ ಒಂದು ತೊಡಕಿತ್ತು. ಕಿತ್ತಳೆ ಬೀಜಗಳಲ್ಲಿ ಬಹುಪಾಲು ಪರಾಗದ ಹಂಗಿಲ್ಲದೆ ತಾಯಿಯ ಅಂಗಾಂಶದಿಂದಲೇ ಮೂಡಿದ ಭ್ರೂಣಗಳಿರುತ್ತವೆ. ಬಿತ್ತಿದರೆ ತಾಯಿಯ ಪಡಿಯಚ್ಚುಗಳೇ ಹುಟ್ಟುತ್ತವೆ. ನೂರು ಸಸಿಗಳಲ್ಲಿ ನಿಜವಾದ ಮಿಶ್ರತಳಿ ಯಾವುದೆಂದು ಗುರುತಿಸುವುದು ಹೇಗೆ? ಆದರೆ ಮೂರೆಲೆಯ ಗುಣ ಪ್ರಬಲವಾದದ್ದು, ಮಗುವಿನಲ್ಲಿ ಎದ್ದು ಕಾಣುತ್ತದೆ. ಒಂದೆಲೆಯ ತಾಯಿಯ ಬೀಜ ಹಾಕಿದ ಮಡಿಯಲ್ಲಿ ಮೂರೆಲೆ ಬಿಟ್ಟು ಮೇಲೆದ್ದ ಸಸಿ ಮಿಶ್ರತಳಿಯೇ. ಮಡಿಯ ಪಕ್ಕ ನಡೆದು ಹೋಗುತ್ತಲೇ ಆರಿಸಿಕೊಳ್ಳಬಹುದಿತ್ತು. ಸಸ್ಯವಿಜ್ಞಾನದಲ್ಲಿ ಇಷ್ಟು ಸಲೀಸಾದ ಗುರುತು ಎಲ್ಲೆಲ್ಲೂ ಸಿಗುವಂಥದ್ದಲ್ಲ.

ಹೀಗೆ ಹುಟ್ಟಿದವು ಸಿಟ್ರಾಂಜುಗಳು: ರಸ್ಕ್, ಮಾರ್ಟನ್, ವಿಲ್ಲಿಟ್ಸ್ ಮುಂತಾದವು. ಆಮೇಲೆ ಮೂರೆಲೆಯನ್ನು ಡಂಕನ್ ಎಂಬ ಗ್ರೇಪ್‌ಫ್ರೂಟ್ ಜೊತೆ ಕೂಡಿಸಿ ಸಿಟ್ರುಮೆಲೋ, ಸಿಟ್ರಾಂಜನ್ನು ಕುಂಕ್ವಾಟ್ ಜೊತೆ ಸೇರಿಸಿ ಸಿಟ್ರಾಂಜ್‌ಕ್ವಾಟ್ ಬಂದವು. ಮರಗಳು ಮೈನಸ್ 12ರ ಆಸುಪಾಸನ್ನು ತಡೆದವು. ಆದರೆ ಹಣ್ಣಿಗೆ ಬಂದದ್ದು ತಂದೆಯ ಕಹಿ, ತಂದೆಯ ಅಂಟು. ಮಾರ್ಟನ್ ನೋಡಲು ಥೇಟ್ ದೊಡ್ಡ ಕಿತ್ತಳೆ. ಬಾಯಿಗಿಟ್ಟರೆ ಕಿತ್ತಳೆಯಲ್ಲ ಎಂದು ತಕ್ಷಣ ಗೊತ್ತಾಗುತ್ತದೆ. ಮಾರುಕಟ್ಟೆ ಇವನ್ನು ಒಪ್ಪಲಿಲ್ಲ. ಹಣ್ಣಾಗಿ ಸೋತವು ಬೇರಾಗಿ ಗೆದ್ದವು ಎಂಬುದು ಈ ಕತೆಯ ವಿಚಿತ್ರ. ಕರೀಜೋ, ಟ್ರಾಯರ್ ಎಂಬ ಸಿಟ್ರಾಂಜುಗಳೂ 1974ರಲ್ಲಿ ಬೆಳೆಗಾರರ ಕೈಗೆ ಬಂದ, ಸ್ವಿಂಗಲ್ ಹೆಸರನ್ನೇ ಹೊತ್ತ ಸಿಟ್ರುಮೆಲೋವೂ ಇಂದು ಲೋಕದ ತೋಟಗಳಲ್ಲಿ ಸಿಹಿ ಕಿತ್ತಳೆಯ ಕಸಿ ಹೊತ್ತು ನೆಲದಡಿಯಲ್ಲಿವೆ.

ಬೇರಿನ ವಿಷಯ ಹಿತ್ತಲಿನವರಿಗೂ ಮುಖ್ಯ. ಮೂರೆಲೆ ಕಿತ್ತಳೆಯ ಬೇರು ಮಣ್ಣು ತಣ್ಣಗಾಗುತ್ತಲೇ ನಿದ್ದೆಗೆ ಜಾರಿ, ಮೇಲಿನ ಕಸಿಯನ್ನೂ ಮಲಗಿಸುತ್ತದೆ. ನಡುಚಳಿಗಾಲದ ಎರಡು ಬೆಚ್ಚನೆ ದಿನಕ್ಕೆ ಮರುಳಾಗಿ ಚಿಗುರದಂತೆ ನೋಡಿಕೊಳ್ಳುತ್ತದೆ. ಸತ್ಸೂಮಾ ಎಂಬ ಕಿತ್ತಳೆಯ ಒಂದೇ ತಳಿ ಚಳಿ ತಡೆಯುವುದು ಈ ಬೇರಿನ ಮೇಲೆ ಒಂದು ರೀತಿ, ಬೆಚ್ಚಗಿನ ಸೀಮೆಯ ನಿಂಬೆಯ ಬೇರಿನ ಮೇಲೆ ಇನ್ನೊಂದು ರೀತಿ. ಆದರೆ ಸುಣ್ಣದ ಅಂಶ ಹೆಚ್ಚಿರುವ ಮಣ್ಣು ಮೂರೆಲೆಯ ಬೇರಿಗಾಗದು. ಡಾಲಸ್ ಸುತ್ತಿನ ಕಪ್ಪು ಜೇಡಿಯಲ್ಲಿ ಎಲೆ ಹಳದಿಯಾಗಿ ನರ ಮಾತ್ರ ಹಸಿರಾಗಿ ನಿಂತರೆ ಅದು ಚಳಿಯ ದೋಷವಲ್ಲ, ಮಣ್ಣಿನಲ್ಲಿರುವ ಕಬ್ಬಿಣವನ್ನು ಬೇರು ಎಳೆದುಕೊಳ್ಳಲಾರದ್ದು. ಅಟ್ಲಾಂಟಾದ ಹುಳಿ ಕೆಂಪುಮಣ್ಣಿನಲ್ಲಿ ಈ ಕಾಟವಿಲ್ಲ.

ಕಸಿಯ ಗಂಟಿನ ಕೆಳಗೆ ಏಳುವ ಚಿಗುರನ್ನು ಆಗಿಂದಾಗ್ಗೆ ಕಿತ್ತು ಹಾಕದಿದ್ದರೆ ಇನ್ನೊಂದು ಫಜೀತಿ. ದೊಡ್ಡ ಹಿಮಕ್ಕೆ ಮೇಲಿನ ಕಸಿ ಸತ್ತಿರುತ್ತದೆ; ಬೇಸಿಗೆಗೆ ಬುಡದಿಂದ ಸೊಂಪಾಗಿ ಎದ್ದದ್ದನ್ನು ನೋಡಿ ಮನೆಯವರು ಗಿಡ ಬದುಕಿತು ಎಂದುಕೊಳ್ಳುತ್ತಾರೆ. ಎಲೆ ಎಣಿಸಿದರೆ ಮೂರು ದಳ. ನಾಲ್ಕಾರು ವರ್ಷದ ಮೇಲೆ ಬರುವುದು ಆ ಅಂಟುಕಾಯಿಯೇ. ಚೀನಾದ ಹಳೆಯ ಕತೆಯೊಂದರಲ್ಲಿ ಚೀ ರಾಜ್ಯದ ಮಂತ್ರಿ ಯಾನ್‌ಜಿ, ತನ್ನನ್ನು ಅವಮಾನಿಸಲು ಹೊರಟ ಚೂ ರಾಜನಿಗೆ, ಹ್ವಾಯಿ ನದಿಯ ದಕ್ಷಿಣದಲ್ಲಿ ಸಿಹಿಯಾದ ಕಿತ್ತಳೆ ಉತ್ತರಕ್ಕೆ ಹೋದರೆ ಕಹಿ ಮೂರೆಲೆಯಾಗುತ್ತದೆ ಎಂದು ಉತ್ತರ ಕೊಡುತ್ತಾನೆ. ನಮ್ಮೂರಲ್ಲಿ ಸಭ್ಯರಾಗಿದ್ದವರು ನಿಮ್ಮ ನೀರು ಮಣ್ಣಿಗೆ ಬಂದು ಕಳ್ಳರಾಗುತ್ತಾರೆ ಎಂಬುದು ಅವನ ಇರಿತ. ಆ ಹ್ವಾಯಿ ನದಿ ಹರಿಯುವುದೂ ಡಾಲಸಿನ ಅಕ್ಷಾಂಶದ ಸುತ್ತಲೇ. ಟೆಕ್ಸಸ್‌ನ ಹಿತ್ತಲಲ್ಲಿ ಯಾನ್‌ಜಿಯ ಮಾತು ಅಕ್ಷರಶಃ ನಡೆಯುತ್ತದೆ.

ಈಗ ನೆಲಕ್ಕೆ ಇಳಿಸಬಹುದಾದ ಹಣ್ಣುಗಳಿಗೆ ಬರೋಣ. ಸಿಹಿ ಬೇಕೇಬೇಕು ಎನ್ನುವವರಿಗೆ ಉತ್ತರ ಸತ್ಸೂಮಾ. ಜಪಾನಿನಲ್ಲಿ ಉನ್‌ಶು ಎಂದು ಕರೆಯುವ, ಬೀಜವಿಲ್ಲದ, ಸಿಪ್ಪೆ ಸಡಿಲವಾದ ಈ ಹಣ್ಣಿಗೆ ಅಮೆರಿಕದಲ್ಲಿ ಹೆಸರು ಬಂದದ್ದು ಕ್ಯೂಷೂ ದ್ವೀಪದ ಹಳೆಯ ಸತ್ಸೂಮಾ ಪ್ರಾಂತದಿಂದ. 1878ರಲ್ಲಿ, ಹಿಂದೆ ಜಪಾನಿನಲ್ಲಿ ಅಮೆರಿಕದ ರಾಯಭಾರಿಯಾಗಿದ್ದ ವ್ಯಾನ್ ವಾಲ್ಕನ್‌ಬರ್ಗ್‌ರ ಪತ್ನಿ ಗಿಡಗಳನ್ನು ಫ್ಲಾರಿಡಾಕ್ಕೆ ಕಳಿಸಿದ ಮೇಲೆ ಅದು ಹಬ್ಬಿತು. ಅಲಬಾಮಾ, ಟೆಕ್ಸಸ್, ಫ್ಲಾರಿಡಾ ಮೂರರಲ್ಲೂ ಸತ್ಸೂಮಾ ಹೆಸರಿನ ಊರುಗಳಿವೆ. ಇಪ್ಪತ್ತನೇ ಶತಮಾನದ ಮೊದಲ ದಶಕಗಳಲ್ಲಿ ಮೆಕ್ಸಿಕೋ ಕೊಲ್ಲಿಯ ದಂಡೆಯುದ್ದಕ್ಕೂ ಲಕ್ಷಗಟ್ಟಲೆ ಗಿಡ ನೆಟ್ಟರು. ಒಂದರ ಮೇಲೊಂದು ಬಂದ ಹಿಮ ಆ ತೋಟಗಳನ್ನು ನುಂಗಿತು, ಊರ ಹೆಸರು ಮಾತ್ರ ಉಳಿಯಿತು. ಈಗ ದಕ್ಷಿಣ ಅಲಬಾಮಾ, ಉತ್ತರ ಫ್ಲಾರಿಡಾ, ದಕ್ಷಿಣ ಜಾರ್ಜಿಯಾದಲ್ಲಿ ಮತ್ತೆ ನೆಡುತ್ತಿದ್ದಾರೆ. ಮೂರೆಲೆಯ ಬೇರಿನ ಮೇಲೆ ಹದಗೊಂಡ ದೊಡ್ಡ ಮರ ಮೈನಸ್ 9ರವರೆಗೆ ತಾಳುತ್ತದೆ. ಅದಕ್ಕಿಂತ ಮುಖ್ಯವಾದ ಗುಣ, ಹಣ್ಣು ಅಕ್ಟೋಬರ್–ನವೆಂಬರ್‌ಗೇ ಮಾಗುವುದು. ಮರ ಬದುಕಿದರೂ ಹಣ್ಣು ಬದುಕಬೇಕೆಂದಿಲ್ಲ. ಮೈನಸ್ 2ರಲ್ಲಿ ಕೆಲವು ಗಂಟೆ ಕಳೆದರೆ ಹಣ್ಣಿನ ರಸ ಹೆಪ್ಪುಗಟ್ಟಿ, ಆಮೇಲೆ ತೊಳೆಗಳು ಒಣಗಿ ಚರಟವಾಗುತ್ತವೆ. ಫೆಬ್ರವರಿಗೆ ಮಾಗುವ ಕಿತ್ತಳೆಯನ್ನು 8ನೇ ವಲಯದಲ್ಲಿ ನೆಡುವುದು ಹಾಗಾಗಿ ದಂಡ.

ಕುಂಕ್ವಾಟ್ ಇನ್ನೊಂದು ಜಾಣ ಗಿಡ. ಬೇಸಿಗೆ ಚೆನ್ನಾಗಿ ಏರುವವರೆಗೂ ಚಿಗುರುವುದಿಲ್ಲ, ಹೂ ಬಿಡುವುದೂ ತಡ. ಸಿಪ್ಪೆ ಸಿಹಿ, ಒಳಗು ಹುಳಿ, ಇಡಿಯಾಗಿ ಬಾಯಿಗೆ ಹಾಕಿಕೊಳ್ಳುವ ಹಣ್ಣು. ಇಡಿಯಾಗಿಯೇ ಉಪ್ಪಿನಕಾಯಿಗೂ ಸೈ. ಇದನ್ನು 1846ರಲ್ಲಿ ಯುರೋಪಿಗೆ ಒಯ್ದ ರಾಬರ್ಟ್ ಫಾರ್ಚೂನ್ ಹೆಸರಿನಲ್ಲಿ ಸ್ವಿಂಗಲ್ ಒಂದು ಪ್ರತ್ಯೇಕ ಕುಲವನ್ನೇ ಕಟ್ಟಿದ್ದರು. ಈಗಿನ ವಿಜ್ಞಾನಿಗಳು ಅದನ್ನೂ ಮೂರೆಲೆಯನ್ನೂ ಮತ್ತೆ ನಿಂಬೆಯ ಕುಲಕ್ಕೇ ಸೇರಿಸುತ್ತಿದ್ದಾರೆ. ಮೇಯರ್ ನಿಂಬೆಯ ಬಗ್ಗೆ ನನಗೆ ಅಷ್ಟು ಉತ್ಸಾಹವಿಲ್ಲ. ಫ್ರಾಂಕ್ ಮೇಯರ್ 1908ರಲ್ಲಿ ಪೀಕಿಂಗ್ ಕಡೆಯಿಂದ ತಂದದ್ದು ಕುಂಡದ ಅಲಂಕಾರದ ಗಿಡ. ಮೈನಸ್ 5, 6ರ ಆಚೆ ಅದರ ಶಕ್ತಿ ಸಾಲದು, ಆದರೂ ಚೀಟಿಗಳಲ್ಲಿ ಧಾರಾಳವಾಗಿ ಚಳಿನಿರೋಧಕ ಎಂದು ಬರೆಯುತ್ತಾರೆ. ಹುನಾನಿನ ಚಾಂಗ್‌ಶಾ ಕಿತ್ತಳೆಗೆ ಬೀಜ ಜಾಸ್ತಿ, ರುಚಿ ಸಪ್ಪೆ. ಆದರೆ ಬೀಜದಿಂದಲೇ ತಾಯಿಯಂತೆ ಹುಟ್ಟುತ್ತದೆ. ಕಸಿಯ ಗಂಟಿಲ್ಲದ ಕಾರಣ ಹಿಮಕ್ಕೆ ನೆಲದವರೆಗೆ ಸತ್ತರೂ ಬುಡದಿಂದ ಏಳುವುದು ಅದೇ ಹಣ್ಣಿನ ಗಿಡ. ಇದನ್ನೂ ಸತ್ಸೂಮಾವನ್ನೂ ಕೂಡಿಸಿ ಮಾಡಿದ ಆರ್ಕ್‌ಟಿಕ್ ಫ್ರಾಸ್ಟ್ ಎಂಬ ತಳಿಯನ್ನು ಟೆಕ್ಸಸ್‌ನಲ್ಲಿ ಈಗ ಬಹಳ ಮಾರುತ್ತಾರೆ.

ಯುಜು ಬಗ್ಗೆ ಸ್ವಲ್ಪ ಹೆಚ್ಚು ಹೇಳಬೇಕು. ಚೀನಾದ ಬೆಟ್ಟಗಳ ಇಚಾಂಗ್ ಎಂಬ ಕಾಡುನಿಂಬೆಯೂ ಕಿತ್ತಳೆಯೂ ಕೂಡಿ ಹುಟ್ಟಿದ ಹಣ್ಣಿದು. ಎಲೆಯ ತೊಟ್ಟಿಗೆ ಅಗಲವಾದ ರೆಕ್ಕೆ, ಹಳದಿ ಉಬ್ಬುತಗ್ಗಿನ ಸಿಪ್ಪೆ, ಒಳಗೆ ರಸಕ್ಕಿಂತ ಬೀಜವೇ ಹೆಚ್ಚು. ಮೈನಸ್ 10ರ ಸುತ್ತಮುತ್ತ ತಡೆಯುತ್ತದೆ, ಮೂರೆಲೆಯ ಅಂಟು ಇದರಲ್ಲಿ ಚೂರೂ ಇಲ್ಲ. ಯಾರೂ ಇದನ್ನು ಸುಲಿದು ತಿನ್ನುವುದಿಲ್ಲ, ಅದು ಅವಮಾನವೂ ಅಲ್ಲ. ಜಪಾನಿನಲ್ಲಿ ಇದನ್ನು ಬೆಳೆಯುವುದರಲ್ಲಿ ಮುಂದಿರುವ ಕೋಚಿ ಪ್ರಾಂತದ ಉಮಾಜಿ ಎಂಬ ಬೆಟ್ಟದ ಹಳ್ಳಿ ಯುಜು ರಸದ ಪದಾರ್ಥಗಳಿಂದಲೇ ಹೆಸರಾಯಿತು. ಹಸಿರು ಕಾಯಿಯ ಸಿಪ್ಪೆ, ಹಸಿಮೆಣಸಿನಕಾಯಿ, ಉಪ್ಪು ಅರೆದು ಯುಜುಕೋಶೋ ಮಾಡುತ್ತಾರೆ. ವಿಧಾನ ಕೇಳಿದ ಯಾವ ಕನ್ನಡದ ಗೃಹಿಣಿಗೂ ಇದು ಪರದೇಶದ್ದು ಅನ್ನಿಸಲಾರದು. ಕೊರಿಯಾದವರು ಹೋಳು ಮಾಡಿ ಸಕ್ಕರೆಯಲ್ಲಿ ಹಾಕಿಟ್ಟು ಚಳಿಗಾಲದಲ್ಲಿ ಬಿಸಿನೀರಿಗೆ ಕದಡಿ ಕುಡಿಯುತ್ತಾರೆ. ಬೀಜದಿಂದ ಬೆಳೆಸಿದರೆ ಫಲಕ್ಕೆ ಹದಿನೆಂಟು ವರ್ಷ ಎಂದು ಜಪಾನಿನಲ್ಲಿ ಗಾದೆಯೇ ಇದೆ, ಕಸಿಗಿಡವಾದರೆ ಕೆಲವೇ ವರ್ಷ.

ಸಿಹಿಯ ನಾಲಿಗೆ ಬರೆದ ಇತಿಹಾಸದಲ್ಲಿ ಸಿಟ್ರಾಂಜು ಸೋತ ಹಣ್ಣು, ಯುಜು ಕೇವಲ ಪರಿಮಳ. ನಮ್ಮ ಅಡುಗೆಮನೆಗೆ ಬಂದು ನೋಡಿ. ಹೇರಳೆಕಾಯಿಯನ್ನು ಯಾರು ಸುಲಿದು ತಿಂದಿದ್ದಾರೆ? ಅದರ ಕಹಿಯನ್ನು ಬೆಲ್ಲ, ಎಳ್ಳು, ಒಣಮೆಣಸಿನಕಾಯಿ ಹಾಕಿ ಗೊಜ್ಜಿನಲ್ಲಿ ಹದಕ್ಕೆ ತರುತ್ತೇವೆ. ಮಲೆನಾಡಿನಲ್ಲಿ ಕಂಚಿಕಾಯಿ, ಕೊಡಗಿನಲ್ಲಿ ಕೈಪುಳಿ, ಹಳೆ ಮೈಸೂರಿನಲ್ಲಿ ದೊಡ್ಲಿಕಾಯಿ, ಉಪ್ಪಿನಕಾಯಿಗೆ ಗಜನಿಂಬೆ, ಮಾದಲ. ಕಹಿಹುಳಿಯನ್ನು ದೋಷವೆಂದು ತಿಳಿಯದ, ಅದಕ್ಕಾಗಿಯೇ ಪಾಕಶಾಸ್ತ್ರವೊಂದನ್ನು ಬೆಳೆಸಿದ ಸೀಮೆ ನಮ್ಮದು. ಕುಮಾವೂಂ ಬೆಟ್ಟದವರೂ ಹಾಗೇ: ಹಿಮಾಲಯದ ಚಳಿಗೆ ಒಗ್ಗಿದ ಗಲ್‌ಗಲ್ ಎಂಬ ದೊಡ್ಡ ಹುಳಿನಿಂಬೆಯ ತೊಳೆಗಳನ್ನು ಮೊಸರು, ಬೆಲ್ಲ, ಹುರಿದು ಅರೆದ ಭಂಗಿಬೀಜದೊಂದಿಗೆ ಕಲಸಿ ಚಳಿಗಾಲದ ಬಿಸಿಲಿನಲ್ಲಿ ಕುಳಿತು ತಿನ್ನುತ್ತಾರೆ. ನಿಂಬೆ ಬಳಗದ ಹುಟ್ಟೂರೇ ಅಸ್ಸಾಂ, ಮ್ಯಾನ್ಮಾರ್, ಯುನ್ನಾನ್ ಸೇರುವ ಹಿಮಾಲಯದ ಪೂರ್ವ ತಪ್ಪಲೆಂದು 2018ರಲ್ಲಿ ಪ್ರಕಟವಾದ ವಂಶವಾಹಿ ಅಧ್ಯಯನವೊಂದು ಹೇಳಿದೆ. ವ್ಯಥೆಯೆಂದರೆ ನಮಗೆ ಬೇಕಾದ ತಳಿಗಳೇ ಚಳಿಗೆ ಎಲ್ಲಕ್ಕಿಂತ ನಾಜೂಕು. ನಮ್ಮ ಸಣ್ಣ ನಿಂಬೆ ಮತ್ತು ಮಾದಲ ಸೊನ್ನೆಯ ಒಂದೆರಡು ಡಿಗ್ರಿ ಕೆಳಗೇ ಬಾಡುತ್ತವೆ. ಬೆಂಗಳೂರಿನ ದಾಖಲೆಯ ಚಳಿಯೇ 1884ರ ಜನವರಿಯ 7.8 ಡಿಗ್ರಿ, ನಮ್ಮ ನಿಂಬೆಗೆ ಹಿಮವೆಂದರೇನು ಗೊತ್ತು! ಹಾಗಾಗಿ ಊರಿನ ತಳಿಯ ಹಟ ಬಿಟ್ಟು ಊರಿನ ಅಡುಗೆಯನ್ನು ಹಿಡಿದುಕೊಂಡರೆ ದಾರಿ ಇದೆ. ಯುಜುವಿನ ಸಿಪ್ಪೆ ಗೊಜ್ಜಿಗೆ ಒಗ್ಗುತ್ತದೆ, ರಸ ಸಾರಿಗೆ. ಥಾಮಸ್‌ವಿಲ್ ಎಂಬ ಸಿಟ್ರಾಂಜ್‌ಕ್ವಾಟ್ ಹಸಿರಾಗಿರುವಾಗ ನಿಂಬೆಯ ಕೆಲಸವನ್ನೇ ಮಾಡುತ್ತದೆ. ಹುಳಿ ಹಣ್ಣಿಗೆ ಇನ್ನೊಂದು ಅನುಕೂಲ: ಮಾಗಲು ಕಾಯಬೇಕಿಲ್ಲ. ಸೆಪ್ಟೆಂಬರ್‌ನಲ್ಲೇ ಕಾಯಿ ಕಿತ್ತು ಉಪ್ಪಿಗೆ ಹಾಕಿದರೆ ಹಿಮಕ್ಕೆ ಮರದಲ್ಲಿ ಏನೂ ಉಳಿದಿರುವುದಿಲ್ಲ.

ಮೂರೆಲೆಯ ಹತ್ತಿರದ ಸಂತಾನದ ಬಗ್ಗೆ ಮಾತ್ರ ಎಚ್ಚರಿಕೆ. ಕಹಿಯನ್ನು ಬೆಲ್ಲ ಒಲಿಸುತ್ತದೆ, ಆ ಅಂಟಿನ ವಾಸನೆಯನ್ನು ಇಂಗೂ ಮುಚ್ಚಲಾರದು.

ಇನ್ನು ಕಾಪಾಡುವ ಉಪಾಯ. ಇದರಲ್ಲಿ ಯುರೋಪಿನವರು ಹಳೆಯ ಹುಲಿಗಳು. ಇಟಲಿಯ ಗಾರ್ಡಾ ಸರೋವರದ ದಂಡೆಯಲ್ಲಿ, 45 ಡಿಗ್ರಿಗೂ ಉತ್ತರದಲ್ಲಿ, ದಕ್ಷಿಣಕ್ಕೆ ಮುಖಮಾಡಿದ ಮೆಟ್ಟಿಲು ಜಗಲಿಗಳ ಮೇಲೆ ಎತ್ತರದ ಕಲ್ಲುಕಂಬಗಳ ಸಾಲನ್ನು ಈಗಲೂ ನೋಡಬಹುದು. ಅವು ನಿಂಬೆಯ ಮನೆಗಳು. ಬೇಸಿಗೆಯಲ್ಲಿ ಗಿಡ ಬಯಲಲ್ಲಿ. ಚಳಿ ಬಂದಾಗ ಕಂಬಗಳ ನಡುವೆ ಹಲಗೆ, ಗಾಜು ಜೋಡಿಸಿ ಮುಚ್ಚುತ್ತಿದ್ದರು. ಸೋವಿಯತ್ ಮಧ್ಯ ಏಷ್ಯಾದಲ್ಲಿ ನೆಲದೊಳಗೆ ಕಂದಕ ತೋಡಿ ನಿಂಬೆ ನೆಟ್ಟು, ಚಳಿಗಾಲಕ್ಕೆ ಮೇಲೆ ಮುಚ್ಚುತ್ತಿದ್ದರು. ಭೂಮಿಯ ಒಳಗಿನ ಬಿಸಿಯೇ ಕಾವಲು. ಸೋಚಿಯಲ್ಲಿ ಫ್ಯೋದರ್ ಜೋರಿನ್ 1934ರಲ್ಲಿ ನೆಟ್ಟ ಒಂದು ಮರಕ್ಕೆ ಹತ್ತಾರು ತಳಿಗಳ ಕಸಿ ಕಟ್ಟಿ ಚಳಿಯ ಪರೀಕ್ಷೆ ಮಾಡಿದರು. ಆಮೇಲೆ ದೇಶವಿದೇಶದ ಅತಿಥಿಗಳೆಲ್ಲ ಬಂದು ಒಂದೊಂದು ಕಸಿ ಕಟ್ಟತೊಡಗಿ ಅದು ಸ್ನೇಹದ ಮರವಾಯಿತು. ವಿಜ್ಞಾನಕ್ಕಿಂತ ಸಮಾರಂಭ ಹೆಚ್ಚಾಯಿತು ಎಂಬ ಗುಮಾನಿ ನನಗಿದೆ.

ಹಿತ್ತಲಿನವರಿಗೆ ಕಲ್ಲುಕಂಬ ಬೇಡ. ಮನೆಯ ದಕ್ಷಿಣದ ಗೋಡೆಯ ಮಗ್ಗುಲು ಸಾಕು; ಹಗಲಿಡೀ ಕಾದ ಇಟ್ಟಿಗೆ ರಾತ್ರಿ ಎರಡು ಮೂರು ಡಿಗ್ರಿ ವ್ಯತ್ಯಾಸ ಮಾಡುತ್ತದೆ. ತಣ್ಣನೆ ಗಾಳಿ ಭಾರ, ಇಳಿಜಾರಿನಲ್ಲಿ ಕೆಳಗೆ ಹರಿದು ನಿಲ್ಲುತ್ತದೆ, ಆದ್ದರಿಂದ ಅಂಗಳದ ತಗ್ಗು ಮೂಲೆ ಬೇಡ. ಗಾಳಿಯಿಲ್ಲದ ತಿಳಿ ರಾತ್ರಿಯ ಹಿಮಕ್ಕೆ ಹೊದಿಕೆ ಕೆಲಸ ಮಾಡುತ್ತದೆ, ಆದರೆ ಅದು ನೆಲ ಮುಟ್ಟುವಂತಿರಬೇಕು; ಕಾಂಡಕ್ಕೆ ಸುತ್ತಿ ಕಟ್ಟಿದರೆ ನೆಲದ ಬಿಸಿ ಒಳಗೆ ಬರುವುದೇ ಇಲ್ಲ. ಪ್ಲಾಸ್ಟಿಕ್ ಎಲೆಗೆ ತಾಗಿದ ಕಡೆಯೆಲ್ಲ ಸುಡುತ್ತದೆ. ಒಳಗೆ ಹಳೇ ಕಾಲದ ತಂತಿಬಲ್ಬಿನ ದೀಪಸರ ಹಾಕುತ್ತಾರೆ. ಎಲ್‌ಇಡಿ ಸರಕ್ಕೆ ಬೆಳಕಿದೆ, ಕಾವಿಲ್ಲ. ಮರದ ಬುಡದ ಎಲೆಗೊಬ್ಬರದ ಹೊದಿಕೆಯನ್ನು ಚಳಿಗಾಲಕ್ಕೆ ಸರಿಸಿ, ನೆನೆದ ಬರಿ ಮಣ್ಣು ಬಿಸಿಲಿಗೆ ಕಾಯುವಂತೆ ಬಿಡಬೇಕು ಎಂಬುದು ಎಲ್ಲರಿಗೂ ಉಲ್ಟಾ ಅನ್ನಿಸುವ ಸಲಹೆ, ಆದರೆ ಸರಿಯಾದದ್ದು. ನೀರು ಚಿಮುಕಿಸುವ ಉಪಾಯ ದೊಡ್ಡ ತೋಟದವರದು: ಒಂದು ಗ್ರಾಂ ನೀರು ಹೆಪ್ಪುಗಟ್ಟುವಾಗ 80 ಕ್ಯಾಲರಿ ಬಿಸಿ ಬಿಡುತ್ತದೆ, ಅದು ಕಾಂಡವನ್ನು ಸೊನ್ನೆಯ ಹತ್ತಿರ ಹಿಡಿದಿಡುತ್ತದೆ. ಆದರೆ ಒಣಗಾಳಿ ಬೀಸಿದರೆ ಅದೇ ನೀರು ಆವಿಯಾಗುತ್ತ ಅದರ ಏಳೂವರೆ ಪಟ್ಟು ಬಿಸಿಯನ್ನು ಕಿತ್ತುಕೊಳ್ಳುತ್ತದೆ. ನಡುರಾತ್ರಿ ಕರೆಂಟು ಹೋಗಿ ನೀರು ನಿಂತರೆ, ಏನೂ ಮಾಡದೆ ಬಿಟ್ಟಿದ್ದಕ್ಕಿಂತ ಹೆಚ್ಚಿನ ನಷ್ಟ. ಎಲ್ಲಕ್ಕಿಂತ ಅಗ್ಗದ್ದು ಮಣ್ಣು. ಡಿಸೆಂಬರ್‌ನಲ್ಲಿ ಎಳೆ ಗಿಡದ ಕಸಿಗಂಟು ಮುಚ್ಚಿ ಒಂದಡಿ ಎತ್ತರಕ್ಕೆ ಮಣ್ಣು ಏರಿಸಿ ಮಾರ್ಚ್‌ನಲ್ಲಿ ಬಿಡಿಸಿದರೆ, ಮೇಲೆಲ್ಲ ಹೋದರೂ ಗಂಟಿನ ಮೇಲೆ ಒಂದೆರಡು ಕಣ್ಣು ಉಳಿಯುತ್ತವೆ. ಹಿಮ ಹೋದ ಮರುದಿನವೇ ಕತ್ತರಿ ಹಿಡಿಯಬಾರದು. ಎಲ್ಲಿಯವರೆಗೆ ಸತ್ತಿದೆ ಎಂದು ಗಿಡವೇ ಬೇಸಿಗೆಯ ಹೊತ್ತಿಗೆ ತೋರಿಸುತ್ತದೆ.

ಇಂಗ್ಲೆಂಡಿನಲ್ಲಿರುವವರ ಲೆಕ್ಕ ಬೇರೆ. ಅಲ್ಲಿಯ ದಕ್ಷಿಣದ ಚಳಿ ಟೆಕ್ಸಸ್‌ನ ಕೆಟ್ಟ ರಾತ್ರಿಯಷ್ಟು ಕ್ರೂರವಲ್ಲ, ಆದರೆ ಬೇಸಿಗೆಯಲ್ಲಿ ಬಿಸಿ ಸಾಲದು. ಸತ್ಸೂಮಾ ಬದುಕಿದರೂ ಹಣ್ಣು ಸಿಹಿಯಾಗುವುದಿಲ್ಲ. ಅಲ್ಲಿಯೂ ಹುಳಿಯದೇ ಗೆಲುವು.

ಕೊನೆಗೆ ರೋಗದ ವಿಷಯ. 2005ರಲ್ಲಿ ಫ್ಲಾರಿಡಾದಲ್ಲಿ ಹ್ವಾಂಗ್‌ಲಾಂಗ್‌ಬಿಂಗ್ ಎಂಬ ಹಸಿರಾಗುವ ರೋಗ ಕಾಣಿಸಿಕೊಂಡಿತು. 2003–04ರಲ್ಲಿ 24 ಕೋಟಿ ಪೆಟ್ಟಿಗೆ ಕಿತ್ತಳೆ ಬೆಳೆದ ರಾಜ್ಯ 2024–25ರಲ್ಲಿ ಒಂದು ಕೋಟಿ ಚಿಲ್ಲರೆಗೆ ಇಳಿಯಿತು; ಹಿಮ ಒಮ್ಮೆಗೆ ಮಾಡಿದ್ದನ್ನು ಇದು ಇಪ್ಪತ್ತು ವರ್ಷದಲ್ಲಿ ನಿಧಾನವಾಗಿ ಮಾಡಿತು. ಕೊಡಗಿನ ಕಿತ್ತಳೆ ಕುಗ್ಗಿದ್ದಕ್ಕೆ ಹೇಳುವ ಕಾರಣಗಳಲ್ಲೂ ಈ ರೋಗ ಒಂದು. ಇದನ್ನು ಚೆನ್ನಾಗಿ ಸಹಿಸಿಕೊಳ್ಳುವ ಮರಗಳು ಯಾವುವೆಂದು ಹುಡುಕಿದಾಗ ಮುಂದೆ ಬಂದದ್ದು ಮತ್ತೆ ಮೂರೆಲೆಯ ಸಂತಾನವೇ. ಚಳಿಗೆಂದು ಹುಟ್ಟಿಸಿ, ರುಚಿಯಿಲ್ಲವೆಂದು ಬದಿಗೆ ಸರಿಸಿದ ವಂಶದಿಂದ ಹಲವು ತಲೆಮಾರು ಸಿಹಿ ಕೂಡಿಸಿ, ರಸಕ್ಕೆ ಆಗುವ ತಳಿಗಳನ್ನು ಕೃಷಿ ಇಲಾಖೆ ಈಗ ಬಿಡುಗಡೆ ಮಾಡುತ್ತಿದೆ.

ರೋಗ ಹರಡುವುದು 3 ಮಿಲಿಮೀಟರ್ ಉದ್ದದ ಸಿಲ್ಲಿಡ್ ಎಂಬ ರಸ ಹೀರುವ ಕೀಟದಿಂದ, ಮತ್ತು ಅದಕ್ಕೆ ಪ್ರಿಯವಾದ ಗಿಡಗಳಲ್ಲಿ ನಮ್ಮ ಕರಿಬೇವೂ ಇದೆ. ಆದ್ದರಿಂದ ಅಮೆರಿಕದಲ್ಲಿ ನಿಂಬೆ ಜಾತಿಯ ಗಿಡಗಳನ್ನೂ ಕರಿಬೇವನ್ನೂ ರಾಜ್ಯದಿಂದ ರಾಜ್ಯಕ್ಕೆ ಸಾಗಿಸಲು ನಿರ್ಬಂಧಗಳಿವೆ. ಊರಿನಿಂದ ಬರುವಾಗ ಅಮ್ಮ ಒದ್ದೆ ಬಟ್ಟೆಯಲ್ಲಿ ಸುತ್ತಿ ಕೊಟ್ಟ ಹೇರಳೆಯ ಕಸಿಕಡ್ಡಿಯನ್ನು ಸೂಟ್‌ಕೇಸಿನಲ್ಲಿಟ್ಟು ತರುವುದು ಕಾನೂನಿಗೂ ವಿರುದ್ಧ, ಅಕ್ಕಪಕ್ಕದ ತೋಟಗಳಿಗೂ ಅಪಾಯ. ಪ್ರಮಾಣೀಕರಿಸಿದ ಗಿಡವನ್ನು ತಮ್ಮದೇ ರಾಜ್ಯದ ನರ್ಸರಿಯಲ್ಲಿ ಕೊಳ್ಳುವುದೊಂದೇ ಮಾರ್ಗ.

ಅಟ್ಲಾಂಟಾ ಅಥವಾ ಡಾಲಸಿನ ಹಿತ್ತಲಿಗೆ ಯಾವುದು ಎಂದು ಕೇಳಿದರೆ, ಬಯಲಿಗೆ ಮೂರೆಲೆಯ ಬೇರಿನ ಯುಜು ಒಂದು, ದಕ್ಷಿಣದ ಗೋಡೆಗೆ ಒರಗಿಸಿ ಸತ್ಸೂಮಾ ಒಂದು ಎನ್ನುತ್ತೇನೆ. ಡಾಲಸಿನ ಸುಣ್ಣದ ಜೇಡಿಯಾದರೆ ಏರುಮಡಿ ಕಟ್ಟಿ ಬೇರೆ ಮಣ್ಣು ತುಂಬಬೇಕು. ಕೊನೆಯ ಹಿಮ ಕಳೆದ ಕೂಡಲೇ ನೆಟ್ಟರೆ ಬೇರೂರಲು ಒಂದು ಪೂರ್ತಿ ಬೇಸಿಗೆ ಸಿಗುತ್ತದೆ; ಆಗಸ್ಟ್ ಕಳೆದ ಮೇಲೆ ಗೊಬ್ಬರ ಕೊಡಬಾರದು, ಕೊಟ್ಟರೆ ಎಳೆ ಚಿಗುರು ಬರುತ್ತದೆ. ಮೊದಲ ಮೂರು ಚಳಿಗಾಲ ಮಣ್ಣು, ಹೊದಿಕೆಯ ಆರೈಕೆ ತಪ್ಪಿಸುವಂತಿಲ್ಲ. ಸಣ್ಣ ನಿಂಬೆ ಮಾತ್ರ ಕುಂಡದಲ್ಲೇ ಇರಲಿ. ನವೆಂಬರ್ ಬಂದಾಗ ಕರಿಬೇವಿನ ಜೊತೆ ಅದನ್ನೂ ಒಳಗೆ ತರಬೇಕು.